ಒಡೆಯುವ ಮೊದಲು ಬಿಚ್ಚಿಸಿ: ಆಯುಕ್ತರಿಗೊಂದು ಬಹಿರಂಗ ಪತ್ರ

ಮಾನ್ಯ ಆಯುಕ್ತರೇ,

ನಮಸ್ಕಾರ. ನಿಮ್ಮ ಕಚೇರಿಗೆ ಇದು ನನ್ನ ಐದನೇ ಪತ್ರ. ಮೊದಲ ನಾಲ್ಕಕ್ಕೂ ಸೀಲು ಒತ್ತಿ ತಗೊಂಡರು, ಉತ್ತರ ಮಾತ್ರ ಬರಲಿಲ್ಲ. ಅದಕ್ಕೇ ಈ ಸಲ ನಾಲ್ಕು ಜನ ಓದಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಪುನರಾಭಿವೃದ್ಧಿಗೆ ಅಂತ ನಮ್ಮ ಬೀದಿಯ ಹಳೆಯ ಮನೆಗಳೆಲ್ಲ ಹೋದವು. ನಮ್ಮದೂ ಹೋಯಿತು. ನಾನು ಅಡ್ಡ ಬರಲಿಲ್ಲ. ಕೇಳಿದ್ದು ಒಂದೇ, ಒಡೆಯುವ ಮೊದಲು ಬಿಚ್ಚಿಸಿ. ಕಂಬ, ತೊಲೆ, ಬಾಗಿಲುವಾಡ, ಕಲ್ಲು ಚಪ್ಪಡಿ, ಇಟ್ಟಿಗೆ, ಇವನ್ನೆಲ್ಲ ಜೋಪಾನವಾಗಿ ತೆಗೆದರೆ ಇನ್ನೊಂದು ಕಟ್ಟಡಕ್ಕೆ ಬರುತ್ತವೆ. ಮತ್ತೆ ಬಳಸಬಹುದಾದದ್ದನ್ನು ಬೇರೆ ಮಾಡಿ ಇಡಬೇಕು ಅಂತ ಕೆಡವಲು ಕೊಟ್ಟ ಅನುಮತಿಯಲ್ಲೇ ಬರೆದಿದೆ. ನಿಮಗೆ ನಾನು ನಿಯಮ ಹೇಳಿಕೊಡಬೇಕಾಗಿಲ್ಲ ಅಲ್ವಾ, ಅದರ ಕೆಳಗಿರುವುದು ನಿಮ್ಮ ಕಚೇರಿಯದೇ ಸಹಿ.

ಆ ದಿನ ಬೆಳಗ್ಗೆ ಇಬ್ಬರು ಬಡಗಿಗಳನ್ನು ನಾನೇ ಕರೆದುಕೊಂಡು ಹೋಗಿದ್ದೆ. ಕೂಲಿ ನನ್ನದೇ, ಎರಡು ದಿನ ಕೊಡಿ ಅಂತ ಕೇಳಿದೆ. "ಮಷಿನ್ ಬಾಡಿಗೆ ಗಂಟೆ ಲೆಕ್ಕ, ಪಕ್ಕಕ್ಕೆ ನಿಲ್ಲಿ" ಅಂದರು ಅಲ್ಲಿದ್ದ ಮೇಲ್ವಿಚಾರಕರು. ಮೊದಲ ಏಟಿಗೆ ನಡುಮನೆಯ ಕಂಬ ಅಲುಗಿತು ಅಷ್ಟೇ. ಎರಡನೆಯದಕ್ಕೆ ವಾಲಿತು. ಮೂರನೆಯದಕ್ಕೆ ಉದ್ದಕ್ಕೆ ಸೀಳಿಕೊಂಡಿತು. ಸೀಳಿದ ಕಡೆ ಒಳಗಿನ ಮರ ನೆನ್ನೆ ಕೊಯ್ದ ಹಾಗಿತ್ತು, ಒಂದು ಹುಳುಕಿಲ್ಲ, ಹತ್ತಿರ ಹೋದರೆ ಮರದ ವಾಸನೆ ಇನ್ನೂ ಬರುತ್ತಿತ್ತು. ಆ ಕಂಬದ ಮೇಲೆ ನನ್ನ ಮತ್ತು ತಂಗಿಯ ಎತ್ತರ ಅಳೆದು ಅಮ್ಮ ಗೀಚಿದ್ದ ಗೆರೆಗಳಿದ್ದವು. ಅಮ್ಮ ರಸ್ತೆಯ ಆಚೆ ಬದಿ ನಿಂತು ಎಲ್ಲ ನೋಡಿದರು. ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಸಂಜೆಯ ಹೊತ್ತಿಗೆ ಕಂಬ, ಚಪ್ಪಡಿ, ಇಟ್ಟಿಗೆ ಎಲ್ಲ ಒಂದೇ ರಾಶಿಯಾಗಿ ಲಾರಿ ಹತ್ತಿ ಎಲ್ಲೋ ಹಳ್ಳ ತುಂಬಿಸಲು ಹೋಯಿತು. ಎರಡು ದಿನ, ಸರ್. ಎರಡೇ ದಿನ ಕೇಳಿದ್ದೆ.

ರಾಶಿಯಿಂದ ಒಂದು ಇಟ್ಟಿಗೆ ಎತ್ತಿಕೊಂಡು ಬಂದಿದ್ದೇನೆ. ಅದಕ್ಕೆ ಅಂಟಿದ್ದ ಸುಣ್ಣದ ಗಾರೆಯನ್ನು ಉಳಿಯಿಂದ ಮೆಲ್ಲಗೆ ತಟ್ಟಿದೆ, ಪುಡಿಯಾಗಿ ಉದುರಿತು. ಇಟ್ಟಿಗೆಯ ಅಂಚು ಮುಕ್ಕಾಗಲಿಲ್ಲ. ಸಿಮೆಂಟ್ ಗಾರೆ ಹೀಗೆ ಬಿಡುವುದಿಲ್ಲ, ಅದು ಬಿಡುವಷ್ಟರಲ್ಲಿ ಇಟ್ಟಿಗೆಯೇ ಒಡೆದಿರುತ್ತದೆ. ಅಂದರೆ ಸುಲಭವಾಗಿ ಬಿಚ್ಚಲು ಬರುವುದೇ ಹಳೆಯ ಗೋಡೆ. ಅದನ್ನೇ ನೀವು ಪುಡಿ ಮಾಡಿಸುತ್ತಿದ್ದೀರಿ.

ಹಳೇ ಸಾಮಾನು ಹೊಸ ಕಟ್ಟಡಕ್ಕೆ ಆಗಲ್ಲ ಅಂತ ನಿಮ್ಮ ಎಂಜಿನಿಯರ್ ಒಬ್ಬರು ಹೇಳಿದರು. ಭಾರ ಹೊರುವ ಕಡೆ ಹಾಕುವುದಾದರೆ ಪರೀಕ್ಷೆ ಮಾಡಿಸಿ, ಬೇಡ ಅಂದವರು ಯಾರು? ಚೀನಾದ ನಿಂಗ್ಬೋ ಮ್ಯೂಸಿಯಂ 2008ರಲ್ಲಿ ತೆರೆಯಿತು. ಕೆಡವಿದ ಹಳ್ಳಿಗಳ ಇಟ್ಟಿಗೆ, ಹೆಂಚುಗಳನ್ನು ಅದರ ಹೊರಗೋಡೆಗೆ ಬಳಸಿದ್ದಾರೆ. ಅದನ್ನು ವಿನ್ಯಾಸ ಮಾಡಿದ ವಾಂಗ್ ಶು ಅವರಿಗೆ 2012ರಲ್ಲಿ ವಾಸ್ತುಶಿಲ್ಪಿಗಳಿಗೆ ಕೊಡುವ ದೊಡ್ಡ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು. ಬ್ರಸೆಲ್ಸ್‌ನಲ್ಲಿ ಯುರೋಪಿನ ನಾಯಕರು ಸಭೆ ಸೇರುವ ಯುರೋಪಾ ಕಟ್ಟಡದ ಮುಖಕ್ಕೆ ಬೇರೆ ಬೇರೆ ದೇಶಗಳ ಹಳೆಯ ಓಕ್ ಮರದ ಕಿಟಕಿ ಚೌಕಟ್ಟುಗಳನ್ನು ಜೋಡಿಸಿದ್ದಾರೆ. ಕೋಪನ್‌ಹೇಗನ್‌ನಲ್ಲಂತೂ ಸಿಮೆಂಟ್ ಗಾರೆಯಿಂದ ಇಟ್ಟಿಗೆ ಬಿಡಿಸಲಾಗದೆ ಹಳೆಯ ಗೋಡೆಯನ್ನೇ ಚೌಕ ಚೌಕವಾಗಿ ಕೊಯ್ದು ಹೊಸ ಮನೆಗಳಿಗೆ ಕೂರಿಸಿದರು. ಮನಸ್ಸಿದ್ದರೆ ಅಷ್ಟೂ ಮಾಡಬಹುದು.

ಇದನ್ನು ಕಾನೂನೇ ಮಾಡಿದ ನಗರವೂ ಇದೆ. ಅಮೆರಿಕದ ಪೋರ್ಟ್‌ಲ್ಯಾಂಡ್ 2016ರಲ್ಲಿ, 1916ಕ್ಕೆ ಅಥವಾ ಅದಕ್ಕೂ ಮೊದಲು ಕಟ್ಟಿದ ಮನೆಗಳನ್ನು ಮಷಿನ್‌ನಿಂದ ಕೆಡವದೆ ಬಿಡಿಬಿಡಿಯಾಗಿ ಬಿಚ್ಚಲೇಬೇಕು ಅಂತ ನಿಯಮ ತಂದಿತು. ಆಮೇಲೆ ಅದನ್ನು 1940ರವರೆಗಿನ ಮನೆಗಳಿಗೂ ವಿಸ್ತರಿಸಿತು. ನಿಮ್ಮಲ್ಲಿ ಷರತ್ತು ಆಗಲೇ ಇದೆ, ಅದನ್ನು ನಡೆಸಿದರೆ ಸಾಕು. ಕೆಡವುವ ಮೊದಲು ಏನೇನಿದೆ ಅಂತ ಪಟ್ಟಿ ಮಾಡಿಸಿ. ತೆಗೆದದ್ದನ್ನು ಇಡಲು ಒಂದು ಅಂಗಳ ಕೊಡಿ. ನೀವು ಕಟ್ಟಿಸುವ ಹೊಸ ಕಟ್ಟಡಗಳಲ್ಲೇ ಮೊದಲು ಅದನ್ನು ಬಳಸಿ. ಟೆಂಡರ್‌ನಲ್ಲಿ ಬಿಚ್ಚುವ ಕೆಲಸಕ್ಕೆ ಬೇರೆ ದಿನ, ಬೇರೆ ಹಣ ಇಡಿ, ಇಲ್ಲದಿದ್ದರೆ ಗುತ್ತಿಗೆದಾರರು ಯಾವತ್ತೂ ಮಷಿನ್ನನ್ನೇ ತರುತ್ತಾರೆ.

ಹಿಂದಿನ ಬೀದಿಯ ಗೋಡೆಗಳ ಮೇಲೆ ಈಗ ಕೆಂಪು ಬಣ್ಣದ ಗುರುತು ಬಿದ್ದಿದೆ. ಸೋಮವಾರ ಮಷಿನ್ ಬರುತ್ತದಂತೆ. ನನ್ನ ಮನೆಯಂತೂ ಹೋಯಿತು, ಆ ಮನೆಗಳನ್ನಾದರೂ ಒಡೆಯುವ ಮೊದಲು ಬಿಚ್ಚಿಸಿ. ಆ ಇಬ್ಬರು ಬಡಗಿಗಳು ಬರಲು ಒಪ್ಪಿದ್ದಾರೆ. ಭಾನುವಾರದೊಳಗೆ ನಿಮ್ಮ ಆದೇಶ ಬೇಕು.

ಇಂತಿ,
ಮನೆ ಬಿಟ್ಟುಕೊಟ್ಟ ಒಬ್ಬ ನಾಗರಿಕ