ಸ್ಕಾಟ್ ಅರಮನೆಯ ಪಿತೂರಿ ಕಥೆಗಳಲ್ಲಿ ಜಹಗೀರಿನ ಲೆಕ್ಕವೂ ಬರಲಿ

ಮಾನ್ಯ ಸಂಪಾದಕರೇ,

ಐತಿಹಾಸಿಕ ಕಾದಂಬರಿಗಳನ್ನು ಕುರಿತು ನಿಮ್ಮ ಭಾನುವಾರದ ಪುರವಣಿಯಲ್ಲಿ ಪ್ರಕಟವಾದ ಲೇಖನವು ಸ್ಕಾಟ್ಲೆಂಡಿನ ರಾಣಿ ಮೇರಿಯ ಆಸ್ಥಾನವನ್ನು ಉದಾಹರಣೆಯಾಗಿ ಎತ್ತಿಕೊಂಡು, ಅಲ್ಲಿ ನಡೆದ ಕೊಲೆಗಳಿಗೆಲ್ಲ ಒಬ್ಬ ಗಂಡನ ಮತ್ಸರವನ್ನೂ ಒಬ್ಬ ಹೆಣ್ಣಿನ ಚಂಚಲ ಮನಸ್ಸನ್ನೂ ಕಾರಣವೆಂದು ಮುಂದಿಟ್ಟಿದೆ. ಇದಕ್ಕಾಗಿ ಲೇಖಕರೊಬ್ಬರನ್ನೇ ದೂರುವಂತಿಲ್ಲ. ಆ ಕಾಲವನ್ನು ಕುರಿತ ಕಾದಂಬರಿಗಳೂ ಧಾರಾವಾಹಿಗಳೂ ಬಹುಪಾಲು ಇದೇ ಜಾಡು ಹಿಡಿದಿವೆ. ಆದರೆ ಆ ಪಿತೂರಿಗಳ ಬೇರು ಇದ್ದದ್ದು ಭೂಮಿಯಲ್ಲಿ, ಜಹಗೀರುಗಳಲ್ಲಿ, ಸರದಾರರು ಸಹಿ ಹಾಕಿ ಇಟ್ಟುಕೊಳ್ಳುತ್ತಿದ್ದ ಕರಾರುಪತ್ರಗಳಲ್ಲಿ. ಅವನ್ನು ಕೈಬಿಟ್ಟು ಬರೆದರೆ ಕಥೆಯೂ ಸೊರಗುತ್ತದೆ, ಆ ರಾಣಿಗೂ ಅನ್ಯಾಯವಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

1566ರ ಮಾರ್ಚ್ 9ರ ಶನಿವಾರ ರಾತ್ರಿ ಎಡಿನ್‌ಬರೋದ ಹೋಲಿರೂಡ್ ಅರಮನೆಯಲ್ಲಿ ನಡೆದ, ರಾಣಿಯ ಕಾರ್ಯದರ್ಶಿ ಡೇವಿಡ್ ರಿಜಿಯೊನ ಕೊಲೆಯನ್ನೇ ತೆಗೆದುಕೊಳ್ಳೋಣ. ಮೇರಿ ಆಗ ಆರು ತಿಂಗಳ ಬಸುರಿ. ಮಲಗುವ ಕೋಣೆಗೆ ಅಂಟಿಕೊಂಡ ಪುಟ್ಟ ಕೋಣೆಯಲ್ಲಿ ಕೆಲವೇ ಆಪ್ತರೊಂದಿಗೆ ಆಕೆ ಊಟಕ್ಕೆ ಕುಳಿತಿದ್ದಾಗ, ಗಂಡ ಡಾರ್ನ್ಲಿ ಕೆಳಗಿನ ತನ್ನ ಬಿಡಾರದಿಂದ ಒಳಮೆಟ್ಟಿಲು ಹತ್ತಿ ಬಂದ. ಅವನ ಬೆನ್ನಿಗೇ, ಕಾಯಿಲೆಯ ಹಾಸಿಗೆಯಿಂದ ಎದ್ದುಬಂದಿದ್ದ ಲಾರ್ಡ್ ರುತ್ವೆನ್ ನಿಲುವಂಗಿಯೊಳಗೆ ಕವಚ ತೊಟ್ಟು, ಬಿಳುಚಿದ ಮುಖದಲ್ಲಿ ಬಾಗಿಲಿಗೆ ಬಂದು ನಿಂತ. ಗದ್ದಲದಲ್ಲಿ ಮೇಜು ಉರುಳಿತು. ಬೀಳುತ್ತಿದ್ದ ಮೇಣದಬತ್ತಿಯೊಂದನ್ನು ಆರ್ಗೈಲ್‌ನ ಕೌಂಟೆಸ್ ಹಿಡಿದುಕೊಂಡಳು. ರಾಣಿಯ ಉಡುಪಿನ ನೆರಿಗೆಗಳನ್ನು ಬಿಗಿಯಾಗಿ ಹಿಡಿದಿದ್ದ ರಿಜಿಯೊನನ್ನು ಹೊರಗೆಳೆದೊಯ್ದು ಐವತ್ತಕ್ಕೂ ಹೆಚ್ಚು ಬಾರಿ ಇರಿದರು. ಡಾರ್ನ್ಲಿಯ ಕಠಾರಿಯನ್ನು ಹೆಣದಲ್ಲೇ ಬಿಟ್ಟರು. ಈ ಕೆಲಸದಲ್ಲಿ ಅರಸನಿಗೂ ಪಾಲಿದೆ ಎಂಬುದಕ್ಕೆ ಅದು ಗುರುತಾಗಬೇಕಿತ್ತು.

ಕಾದಂಬರಿಕಾರರು ಈ ದೃಶ್ಯವನ್ನು ಬಿಡುವುದಿಲ್ಲ, ಬಿಡಲೂಬಾರದು. ಅವರು ಬಿಡುವುದು ದಿನಾಂಕವನ್ನು. ಹಿಂದಿನ ವರ್ಷ ಮೇರಿಯ ವಿರುದ್ಧ ದಂಗೆಯೆದ್ದು ಸೋತು ಇಂಗ್ಲೆಂಡಿಗೆ ಓಡಿಹೋಗಿದ್ದ ಸರದಾರರ ಆಸ್ತಿಪಾಸ್ತಿಯನ್ನು ಮುಟ್ಟುಗೋಲು ಹಾಕಿಕೊಳ್ಳಲು ಕರೆದಿದ್ದ ಪಾರ್ಲಿಮೆಂಟು ಮಾರ್ಚ್ 7ರಂದು ಆರಂಭವಾಗಿತ್ತು. ಮುಟ್ಟುಗೋಲಿನ ತೀರ್ಮಾನಕ್ಕೆ ಗೊತ್ತುಮಾಡಿದ್ದ ದಿನ ಮಾರ್ಚ್ 12. ಓಡಿಹೋದವರ ಮುಖಂಡ ಸ್ವತಃ ರಾಣಿಯ ಮಲಸಹೋದರ, ಅರ್ಲ್ ಆಫ್ ಮರೇ. ರಿಜಿಯೊ ಸತ್ತ ಮರುದಿನವೇ ಡಾರ್ನ್ಲಿಯ ಹೆಸರಿನಲ್ಲಿ ಪಾರ್ಲಿಮೆಂಟನ್ನು ವಿಸರ್ಜಿಸಲಾಯಿತು, ಅದೇ ದಿನ ಮರೇ ಎಡಿನ್‌ಬರೋಗೆ ಬಂದಿಳಿದ. ಹಾಡುಗಾರನಾಗಿ ಬಂದು ರಾಣಿಯ ಫ್ರೆಂಚ್ ಪತ್ರವ್ಯವಹಾರದ ಕಾರ್ಯದರ್ಶಿಯಾಗಿ ಬೆಳೆದಿದ್ದ ಪೀಡ್‌ಮಾಂಟಿನ ಆ ಇಟಾಲಿಯನ್ನನ ಮೇಲೆ ಡಾರ್ನ್ಲಿಗೆ ಅಸೂಯೆ ಇತ್ತೆಂಬುದು ನಿಜ. ಆದರೆ ಅಸೂಯೆಗೆ ಮೂರು ದಿನಗಳ ಗಡುವು ಇರುವುದಿಲ್ಲ, ಜಪ್ತಿಗೆ ಇರುತ್ತದೆ.

ಇನ್ನು ಕರಾರುಪತ್ರಗಳ ವಿಷಯ. ಅಲ್ಲಿನ ಸರದಾರರು ಒಟ್ಟಾಗಿ ಏನನ್ನಾದರೂ ಮಾಡಬೇಕೆಂದಾಗ ಬಾಂಡ್ ಎಂಬ ಲಿಖಿತ ಕರಾರು ಮಾಡಿಕೊಂಡು, ಒಬ್ಬರ ಬೆನ್ನಿಗೆ ಒಬ್ಬರು ನಿಲ್ಲುತ್ತೇವೆಂದು ಸಹಿ ಹಾಕುತ್ತಿದ್ದರು. ರಿಜಿಯೊ ಕೊಲೆಗೂ ಅಂಥ ಪತ್ರವಿತ್ತು. ಹೊಣೆಯನ್ನು ಡಾರ್ನ್ಲಿ ಹೊರಬೇಕು, ಓಡಿಹೋದವರನ್ನು ಮರಳಿ ಕರೆಸಿಕೊಳ್ಳಬೇಕು. ಪ್ರತಿಯಾಗಿ, ಮೇರಿ ಸಂತಾನವಿಲ್ಲದೆ ಸತ್ತರೂ ಪಟ್ಟ ಡಾರ್ನ್ಲಿಯಲ್ಲೇ ಉಳಿಯುವಂಥ ಹಕ್ಕನ್ನು ಸರದಾರರು ಅವನಿಗೆ ಕೊಡಿಸಬೇಕು. ಗಡಿಯಾಚೆಯ ಬೆರಿಕ್‌ನಲ್ಲಿದ್ದ ಇಂಗ್ಲೆಂಡಿನ ಪ್ರತಿನಿಧಿಗಳು ಕೊಲೆಗೆ ಮೂರು ದಿನ ಮೊದಲೇ, ಮಾರ್ಚ್ 6ರಂದು, ಈ ಒಳಸಂಚಿನ ವಿವರಗಳನ್ನು ಲಂಡನ್ನಿಗೆ ಬರೆದು ಕಳುಹಿಸಿದ್ದರು. ಪಕ್ಕದ ದೇಶದ ಮಂತ್ರಿಗೆ ತಿಳಿಸಿದ ಸಂಗತಿ ಮೇಲಂತಸ್ತಿನಲ್ಲಿ ಊಟ ಮಾಡುತ್ತಿದ್ದ ರಾಣಿಗೆ ತಿಳಿದಿರಲಿಲ್ಲ! ಕಾದಂಬರಿಕಾರನಿಗೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಬೇಕೆ?

ಮುಂದಿನ ಎರಡು ದಿನಗಳನ್ನು ನೋಡಿ. ತನ್ನ ಅರಮನೆಯಲ್ಲೇ ಸೆರೆಯಾದ ಮೇರಿ, ಈ ಜನ ನಾಳೆ ನಿನ್ನನ್ನೂ ಬಿಡುವುದಿಲ್ಲವೆಂದು ಡಾರ್ನ್ಲಿಗೆ ಮನವರಿಕೆ ಮಾಡಿಕೊಟ್ಟು, ಅವನನ್ನು ತನ್ನ ಕಡೆಗೆ ಒಲಿಸಿಕೊಂಡು, ಮಾರ್ಚ್ 11ರ ನಡುರಾತ್ರಿಯ ಹೊತ್ತಿಗೆ ಸೇವಕರ ದಾರಿಯಿಂದ ಹೊರಬಿದ್ದು, ಆ ಬಸುರಿನಲ್ಲಿ ಸುಮಾರು 40 ಕಿಲೋಮೀಟರ್ ಕುದುರೆಯ ಮೇಲೆ ಸಾಗಿ ಡನ್‌ಬಾರ್ ಕೋಟೆ ಸೇರಿದಳು. ಒಂದೇ ವಾರದಲ್ಲಿ ಸೈನ್ಯದೊಂದಿಗೆ ರಾಜಧಾನಿಗೆ ಮರಳಿದಳು, ಕೊಲೆಗಡುಕರು ದಿಕ್ಕಾಪಾಲಾದರು. ಪಿತೂರಿಗಾರರ ಒಗ್ಗಟ್ಟು ಎಲ್ಲಿ ಸಡಿಲವಾಗಿದೆಯೆಂದು ಅಳೆದು ಅಲ್ಲಿಯೇ ಬೆಣೆ ಹೊಡೆದ ಈ 23ರ ತರುಣಿಯನ್ನು ಹೃದಯ ಹೇಳಿದಂತೆ ಕುಣಿದವಳೆಂದು ಚಿತ್ರಿಸುವುದನ್ನು ಓದಿದಾಗ ನನಗೆ ನಿಜವಾಗಿ ನೋವಾಗುತ್ತದೆ. ಮುಂದೆ ಆಕೆ ತಪ್ಪು ಹೆಜ್ಜೆಗಳನ್ನಿಟ್ಟದ್ದು ದಿಟ. ಡಾರ್ನ್ಲಿ ಸತ್ತ ಮೇಲೆ ಬಾತ್‌ವೆಲ್ ಎಂಬ ಸರದಾರನನ್ನು ಮದುವೆಯಾದದ್ದು ಅವುಗಳಲ್ಲಿ ದೊಡ್ಡದು.

ಆ ಮದುವೆಯ ಹಿಂದೆಯೂ ಕರಾರುಪತ್ರವಿದೆ. 1567ರ ಫೆಬ್ರುವರಿ 10ರ ನಸುಕಿನಲ್ಲಿ ಡಾರ್ನ್ಲಿ ತಂಗಿದ್ದ ಕರ್ಕ್ ಓ ಫೀಲ್ಡ್ ಮನೆಯನ್ನು ಮದ್ದಿನಿಂದ ಸ್ಫೋಟಿಸಲಾಯಿತು. ಅವನ ಶವ ಹೊರಗಿನ ತೋಟದಲ್ಲಿ, ಸುಟ್ಟ ಗಾಯವಿಲ್ಲದೆ ಸಿಕ್ಕಿತು. ಎಲ್ಲರ ಸಂಶಯವೂ ಬಾತ್‌ವೆಲ್ ಮೇಲಿತ್ತು. ಹಾಗಿದ್ದೂ ಏಪ್ರಿಲ್ 19ರಂದು, ಅವನು ನಿರಪರಾಧಿ, ರಾಣಿಗೆ ತಕ್ಕ ವರ ಎಂಬ ಪತ್ರಕ್ಕೆ ಸರದಾರರು ಸಹಿ ಹಾಕಿದರು. ಜಹಗೀರುಗಳನ್ನು ಸ್ಥಿರಪಡಿಸಿಕೊಟ್ಟ ಪಾರ್ಲಿಮೆಂಟು ಮುಗಿದದ್ದೂ ಅದೇ ದಿನ. ಸಹಿ ಹಾಕಿದವರಲ್ಲಿ ಕೆಲವರೇ ಎರಡು ತಿಂಗಳೊಳಗೆ, ಜೂನ್ 15ರಂದು, ಕಾರ್ಬೆರಿ ಬೆಟ್ಟದಲ್ಲಿ ರಾಣಿಗೆ ಎದುರಾಗಿ ನಿಂತರು.

ಇಷ್ಟೆಲ್ಲ ಆತುರಕ್ಕೆ ಇನ್ನೊಂದು ಕಾರಣವೂ ಇದ್ದಿತು. 1406ರಿಂದ 1567ರವರೆಗೆ ಸ್ಕಾಟ್ಲೆಂಡಿನ ಪಟ್ಟಕ್ಕೆ ಬಂದ ಏಳು ಮಂದಿಯೂ ಪ್ರಾಯಕ್ಕೆ ಬರುವ ಮೊದಲೇ ಪಟ್ಟವೇರಿದವರು. ಮೇರಿಗಂತೂ ತಂದೆ ತೀರಿಕೊಂಡಾಗ ಆರು ದಿನ. ಮಗುವಿನ ಹೆಸರಿನಲ್ಲಿ ಆಳುತ್ತಿದ್ದವರು ತಮಗೂ ತಮ್ಮವರಿಗೂ ಭೂಮಿ ಬರೆದುಕೊಳ್ಳುತ್ತಿದ್ದರು. ಅಂಥ ಉಂಬಳಿಗಳನ್ನು 25 ವರ್ಷ ತುಂಬುವುದರೊಳಗೆ ಹಿಂದಕ್ಕೆ ಪಡೆಯುವ ಹಕ್ಕು ಅರಸರಿಗಿತ್ತು. ಮೇರಿಗೆ 25 ತುಂಬಬೇಕಿದ್ದದ್ದು 1567ರ ಡಿಸೆಂಬರ್ 8ರಂದು. ಲಾಕ್‌ಲೆವೆನ್ ಕೋಟೆಯಲ್ಲಿ ಸೆರೆಯಾಗಿದ್ದ ಆಕೆಯಿಂದ ಬಲವಂತವಾಗಿ ಪಟ್ಟತ್ಯಾಗದ ಪತ್ರಕ್ಕೆ ಸಹಿ ಹಾಕಿಸಿಕೊಂಡದ್ದು ಜುಲೈ 24ರಂದು. ಆಮೇಲೆ ಮೇರಿಯ 13 ತಿಂಗಳ ಮಗನಿಗೆ ಪಟ್ಟ ಕಟ್ಟಲಾಯಿತು, ಮರೇ ರಾಜಪ್ರತಿನಿಧಿಯಾದ.

ಕಾದಂಬರಿಗೆ ಕಲ್ಪನೆಯ ಹಕ್ಕಿಲ್ಲವೆಂದು ನಾನು ಹೇಳುತ್ತಿಲ್ಲ. ರಾಣಿಯ ಮನಸ್ಸಿನಲ್ಲಿ ಏನಿತ್ತೆಂಬುದನ್ನು ದಾಖಲೆಗಳು ಪೂರ್ತಿ ಹೇಳಲಾರವು, ಅಲ್ಲಿ ಕಾದಂಬರಿಕಾರನೇ ಮಾತಾಡಬೇಕು. ಆದರೆ ರಿಜಿಯೊ ಕೊಲೆಯ ಬಗ್ಗೆ ಆ ಕೋಣೆಯಲ್ಲಿದ್ದ ಇಬ್ಬರ ಹೇಳಿಕೆಗಳೇ ಉಳಿದಿವೆ: ಇಂಗ್ಲೆಂಡಿಗೆ ಓಡಿಹೋಗಿ, ಸಾಯುವ ಮುನ್ನ ರುತ್ವೆನ್ ಬರೆಸಿದ ವೃತ್ತಾಂತ ಒಂದು, ಏಪ್ರಿಲ್ 2ರಂದು ಪ್ಯಾರಿಸ್‌ನಲ್ಲಿದ್ದ ತನ್ನ ರಾಯಭಾರಿಗೆ ಮೇರಿ ಬರೆದ ಪತ್ರ ಇನ್ನೊಂದು. ಇವೆರಡರ ಆಯ್ದ ಭಾಗಗಳನ್ನು ಕನ್ನಡಕ್ಕೆ ತರಿಸಿ, ಮುಂಬರುವ ಒಂದು ಪುರವಣಿಯಲ್ಲಿ ಅಕ್ಕಪಕ್ಕದಲ್ಲಿ ಪ್ರಕಟಿಸಬೇಕೆಂದು ತಮ್ಮಲ್ಲಿ ವಿನಂತಿಸಿಕೊಳ್ಳುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಇತಿಹಾಸ ಅಧ್ಯಾಪಕಿ, ಧಾರವಾಡ