ಮನೆ ಮಾರಿದರೆ ವಾರಂಟಿಯೂ ಮನೆಯ ಜೊತೆಗೇ

ಆತ್ಮೀಯ ಗ್ರಾಹಕರೇ,

ನಮಸ್ಕಾರ. ತುಮಕೂರಿನ ನಮ್ಮ ಅಂಗಡಿಯಿಂದ ಸೋಲಾರ್ ವಾಟರ್ ಹೀಟರ್, ಗೀಸರ್, ಪ್ರೆಶರ್ ಪಂಪ್, ಬಾತ್‌ರೂಮ್ ನಲ್ಲಿಗಳನ್ನು ಹಾಕಿಸಿಕೊಂಡ ಎಲ್ಲರಿಗೂ ಈ ಪತ್ರ.

ಮುಂದಿನ ತಿಂಗಳ 1ನೇ ತಾರೀಖಿನಿಂದ ನಮ್ಮ ವಾರಂಟಿ ನಿಯಮ ಬದಲಾಗುತ್ತಿದೆ. ಇಲ್ಲಿಯವರೆಗೆ ಬಿಲ್‌ನಲ್ಲಿ ಯಾರ ಹೆಸರಿದೆಯೋ ಅವರಿಗೆ ಮಾತ್ರ ನಮ್ಮ ಫಿಟಿಂಗ್ ವಾರಂಟಿ ಇತ್ತು. ಇನ್ನು ಮುಂದೆ ನೀವು ಮನೆ ಮಾರಿದರೆ, ಉಳಿದ ಅವಧಿಯ ವಾರಂಟಿ ಮನೆ ಕೊಂಡವರಿಗೆ ಹೋಗುತ್ತದೆ. ಇದಕ್ಕೆ ಯಾವ ಶುಲ್ಕವೂ ಇಲ್ಲ.

ಮನೆ ವ್ಯಾಪಾರ ಆಗುವಾಗ ಕ್ರಯಪತ್ರ, ಖಾತೆ, ಇಸಿ, ಕಂದಾಯದ ರಸೀದಿ ಎಲ್ಲವನ್ನೂ ಜನ ಹುಡುಕಿ ಹುಡುಕಿ ಕೊಡುತ್ತಾರೆ. ಸೋಲಾರ್‌ ಬಿಲ್ ಮಾತ್ರ ಹಳೆಯ ಮಾಲೀಕರ ಬೀರುವಿನಲ್ಲೇ ಉಳಿದುಬಿಡುತ್ತದೆ. ಕೆಲವು ತಿಂಗಳ ಮೇಲೆ ತಾರಸಿಯಲ್ಲಿ ಪೈಪ್ ಜಾಯಿಂಟ್ ಸೋರತೊಡಗಿದಾಗ, ಹೊಸಬರು ಟ್ಯಾಂಕ್ ಮೇಲಿನ ಸ್ಟಿಕರ್ ನೋಡಿ ನಮಗೆ ಫೋನ್ ಮಾಡುತ್ತಾರೆ. ಅಷ್ಟರಲ್ಲಿ ಮಾರಿದವರು ಮಕ್ಕಳ ಊರಿಗೆ ಹೋಗಿರುತ್ತಾರೆ, ಮೊಬೈಲ್ ನಂಬರೂ ಬದಲಾಗಿರುತ್ತದೆ. ಕೆಲಸ ನಮ್ಮದೇ, ಅವಧಿಯೂ ಮುಗಿದಿಲ್ಲ. ಹೆಸರು ಬೇರೆ ಅನ್ನುವ ಒಂದೇ ಕಾರಣಕ್ಕೆ ಅವರ ಹತ್ತಿರ ದುಡ್ಡು ಕೇಳುವುದು ನ್ಯಾಯವಲ್ಲ ಅಲ್ವಾ?

ಅದಕ್ಕೇ ನಮ್ಮ ರಿಜಿಸ್ಟರ್ ಇನ್ನು ಹೆಸರಿನ ಮೇಲೆ ನಡೆಯುವುದಿಲ್ಲ, ಬೆಸ್ಕಾಂ ಬಿಲ್‌ನಲ್ಲಿರುವ ಆರ್‌ಆರ್ ನಂಬರ್ ಮೇಲೆ ನಡೆಯುತ್ತದೆ. ಮೀಟರ್ ಯಾರ ಹೆಸರಿಗೆ ಬದಲಾದರೂ ಆ ನಂಬರ್ ಮನೆಯದೇ.

ಒಂದು ವಿಷಯ ಮಾತ್ರ ಸರಿಯಾಗಿ ತಿಳಿದುಕೊಳ್ಳಿ. ನಿಮ್ಮ ಬಳಿ ಇರುವುದು ಎರಡು ವಾರಂಟಿ. ಪೈಪು, ಸ್ಟ್ಯಾಂಡು, ಜೋಡಣೆಯ ಕೆಲಸದ್ದು ನಮ್ಮದು. ಟ್ಯಾಂಕು, ಮೋಟಾರು, ಕಾಯಿಲ್‌ನದು ತಯಾರಿಸಿದ ಕಂಪನಿಯದು. ಕಂಪನಿಯ ವಾರಂಟಿಯನ್ನು ಬೇರೆ ಹೆಸರಿಗೆ ಮಾಡುವ ಅಧಿಕಾರ ನಮಗಿಲ್ಲ. ಕೆಲವು ಕಾರ್ಡುಗಳಲ್ಲಿ ಮೊದಲು ಕೊಂಡವರಿಗೆ ಮಾತ್ರ ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ಓದಿ ನೋಡಿ. ಕಂಪನಿಗೆ ಪತ್ರ ಬರೆದು ಕೇಳುವ ಕೆಲಸವನ್ನು ನಾವೇ ಮಾಡಿಕೊಡುತ್ತೇವೆ. ಇನ್ನೊಂದು ಮಾತು: ಹೆಸರು ಬದಲಾಯಿತು ಅಂತ ಅವಧಿ ಹೊಸದಾಗಿ ಶುರುವಾಗುವುದಿಲ್ಲ. ಲೆಕ್ಕ ಮೊದಲ ಬಿಲ್‌ನ ತಾರೀಖಿನಿಂದಲೇ.

ಮಾರುವವರು ಬಿಲ್, ವಾರಂಟಿ ಕಾರ್ಡ್ ಕೊಟ್ಟು, ಜೊತೆಗೆ ಎರಡು ಸಾಲಿನ ಒಪ್ಪಿಗೆ ಬರೆದು ಸಹಿ ಹಾಕಿ. ಇದು ಸುಮ್ನೆ ಕೇಳುತ್ತಿರುವ ಕಾಗದವಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, ವಸ್ತು ಕೊಂಡವರನ್ನಷ್ಟೇ ಅಲ್ಲ, ಅವರ ಒಪ್ಪಿಗೆಯಿಂದ ಬಳಸುವವರನ್ನೂ ಗ್ರಾಹಕರು ಎಂದೇ ನೋಡುತ್ತದೆ. ಮುಂದೆ ಕಂಪನಿಯ ಜೊತೆ ತಕರಾರು ಬಂದರೆ ಆ ಸಹಿ ಕೊಂಡವರ ಕೈ ಹಿಡಿಯುತ್ತದೆ. ಕೊಂಡವರು ಕ್ರಯಪತ್ರದ ಮೊದಲ ಪುಟ ಅಥವಾ ಇ-ಖಾತೆಯ ಪ್ರತಿ, ಒಂದು ಕರೆಂಟ್ ಬಿಲ್ ಮತ್ತು ಟ್ಯಾಂಕ್ ಮೇಲಿನ ಸೀರಿಯಲ್ ನಂಬರಿನ ಫೋಟೋ ತಂದರೆ ಸಾಕು. ಮನೆ ತಂದೆ ತಾಯಿಯಿಂದ ಮಕ್ಕಳಿಗೆ ಬಂದಿದ್ದರೆ ಪೌತಿ ಖಾತೆಯ ಪ್ರತಿ ನಡೆಯುತ್ತದೆ. ಬಾಡಿಗೆದಾರರು ಏನನ್ನೂ ಬದಲಾಯಿಸುವುದು ಬೇಡ, ರಿಪೇರಿ ಇದ್ದರೆ ನೇರವಾಗಿ ಫೋನ್ ಮಾಡಿ.

ಹೀಟರನ್ನು ಬಿಚ್ಚಿ ಬೇರೆ ಮನೆಗೆ ಸಾಗಿಸಿದರೆ ನಮ್ಮ ವಾರಂಟಿ ಅಲ್ಲಿಗೆ ಮುಗಿಯಿತು. ಒಡೆದ ಗಾಜಿನ ಟ್ಯೂಬಿಗೂ ವಾರಂಟಿ ಇಲ್ಲ.

ಟ್ಯೂಬಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಮನೆ ಮಾರಾಟವಾಗಿ ಹೊಸಬರು ಬರುವವರೆಗೆ ಮನೆಗೆ ಬೀಗ, ತಾರಸಿಯ ಟ್ಯಾಂಕ್ ಖಾಲಿ. ನೀರಿಲ್ಲದ ಟ್ಯೂಬುಗಳು ದಿನವಿಡೀ ಬಿಸಿಲಲ್ಲಿ ಕಾದು ಕೆಂಡವಾಗಿರುತ್ತವೆ. ಗೃಹಪ್ರವೇಶದ ದಿನ ಮಧ್ಯಾಹ್ನ, ಅಡುಗೆಯವರು ನೀರು ಕೇಳಿದರೆಂದು ಯಾರೋ ಮೋಟಾರ್ ಹಾಕುತ್ತಾರೆ. ತಣ್ಣೀರು ಒಳಗೆ ಬೀಳುತ್ತಿದ್ದ ಹಾಗೇ ಗಾಜು ಪಟಪಟ ಒಡೆಯುತ್ತದೆ. ದಯವಿಟ್ಟು ಖಾಲಿ ಸೋಲಾರ್‌ಗೆ ಬೆಳಗ್ಗೆ ಬಿಸಿಲೇರುವ ಮುಂಚೆ ಇಲ್ಲವೇ ಕತ್ತಲಾಗಿ ಟ್ಯೂಬ್ ತಣ್ಣಗಾದ ಮೇಲೆ ನೀರು ತುಂಬಿಸಿ. ಮನೆ ಖಾಲಿ ಬಿಡುವವರು ಟ್ಯೂಬುಗಳ ಮೇಲೆ ಒಂದು ಟಾರ್ಪಲ್ ಹೊದಿಸಿ ಹೋಗಿ.

ವಾರಂಟಿ ಬದಲಾಯಿಸುವಾಗ ನಮ್ಮ ಹುಡುಗರು ಒಮ್ಮೆ ಮನೆಗೆ ಬಂದು ನೋಡುತ್ತಾರೆ. ನಮ್ಮ ಕಡೆಯ ಬೋರ್ ನೀರು ಗಡಸು. ಟ್ಯಾಂಕ್ ಒಳಗೆ ಮೆಗ್ನೀಸಿಯಂ ಸರಳು ಇದ್ದರೆ, ಅದು ತಾನು ಸವೆದು ಟ್ಯಾಂಕಿಗೆ ತುಕ್ಕು ಹಿಡಿಯದಂತೆ ಕಾಯುತ್ತದೆ. ಅದು ಎಷ್ಟು ಉಳಿದಿದೆ, ಪೈಪಿನಲ್ಲಿ ಎಷ್ಟು ಸುಣ್ಣ ಕಟ್ಟಿದೆ ಎಂದು ಹೊಸ ಮಾಲೀಕರಿಗೆ ಕಣ್ಣಾರೆ ತೋರಿಸಿ, ಬರೆದು ಕೊಡುತ್ತಾರೆ. ನೋಡುವುದಕ್ಕೆ ಹಣವಿಲ್ಲ. ಸರಳು ಬದಲಾಯಿಸಬೇಕಾದರೆ ಅದರ ಬೆಲೆ ಮಾತ್ರ.

ಮನೆ ಮಾರುವ ಯೋಚನೆ ಇಲ್ಲದವರೂ ಈ ತಿಂಗಳೊಳಗೆ ನಿಮ್ಮ ಆರ್‌ಆರ್ ನಂಬರನ್ನು ವಾಟ್ಸಾಪ್ ಮಾಡಿ. ಬಿಲ್ ಕಳೆದುಹೋಗಿದ್ದರೆ ಗಾಬರಿ ಬೇಡ. ಹಾಕಿಸಿದ ವರ್ಷ, ಬಡಾವಣೆ ಹೇಳಿ, ನಮ್ಮ ಪ್ರತಿ ನೋಡಿ ಹೊಸದೊಂದು ಕೊಡುತ್ತೇವೆ.

ಇಂತಿ ನಿಮ್ಮ ವಿಶ್ವಾಸಿ,
ಅಂಗಡಿಯ ಮಾಲೀಕರು ಮತ್ತು ಸಿಬ್ಬಂದಿ