ನೆನೆದ ಸ್ಟೀರಿಯೋ: ಮೊದಲು ಫ್ಯೂಸ್ ಕೀಳಿ

ಮಾನ್ಯ ಸಂಪಾದಕರೇ,

ನಿಮ್ಮ ವಾಹನ ಪುಟದಲ್ಲಿ ಬಂದ ಒಂದು ಪುಟ್ಟ ಸಲಹೆ ಓದಿ ಈ ಪತ್ರ ಬರೆಯುತ್ತಿದ್ದೇನೆ. ಕಾರಿನ ಸ್ಟೀರಿಯೋ ಮೇಲೆ ನೀರೋ ಜ್ಯೂಸೋ ಚೆಲ್ಲಿದರೆ ಬಟ್ಟೆಯಲ್ಲಿ ಒರೆಸಿ, ಹೇರ್ ಡ್ರೈಯರ್ ಹಿಡಿದು, ಆಮೇಲೆ ಆನ್ ಮಾಡಿ ನೋಡಿ ಎಂದು ಅದರಲ್ಲಿತ್ತು. ಒರೆಸುವುದೇನೋ ಸರಿ. ಉಳಿದದ್ದರ ಬಗ್ಗೆ ನನಗೆ ತಕರಾರಿದೆ. ನಾನು ಕಾರ್ ಆಡಿಯೋ ರಿಪೇರಿ ಮಾಡಿಕೊಂಡು ಬದುಕುವವನು. ಕ್ಯಾಸೆಟ್ ಕಾಲದಿಂದ ಇದೇ ಕೆಲಸ. ಬರೀ ನೆನೆದು ಹಾಳಾದ ಸೆಟ್‌ಗಿಂತ, ನೆನೆದ ಮೇಲೆ ‘ಬರುತ್ತಾ ನೋಡೋಣ’ ಅಂತ ಆನ್ ಮಾಡಿ ಹಾಳುಮಾಡಿದ ಸೆಟ್‌ಗಳೇ ನನ್ನ ಟೇಬಲ್‌ಗೆ ಜಾಸ್ತಿ ಬರುತ್ತವೆ.

‘ಕೀ ತೆಗೆದಿದ್ದೆ, ಸೆಟ್ ಆಫ್ ಆಗಿತ್ತಲ್ಲ’ ಎಂದು ಎಲ್ಲರೂ ಹೇಳುತ್ತಾರೆ. ಆಫ್ ಆಗಿರುವುದಿಲ್ಲ. ಹೊರಗಿನಿಂದ ಕೊಂಡು ಹಾಕಿಸುವ ಸೆಟ್‌ನ ಹಿಂದೆ ಸಾಮಾನ್ಯವಾಗಿ ಒಂದು ಹಳದಿ ವೈರ್, ಒಂದು ಕೆಂಪು ವೈರ್ ಇರುತ್ತವೆ. ಕೆಂಪಿಗೆ ಕೀ ತಿರುಗಿಸಿದಾಗ ಮಾತ್ರ ಕರೆಂಟ್. ಹಳದಿಗೆ ಹಗಲೂ ರಾತ್ರಿ ಬ್ಯಾಟರಿಯ 12 ವೋಲ್ಟ್. ಗಡಿಯಾರ, ಸ್ಟೇಷನ್ ನೆನಪು ಎಲ್ಲ ಅದರಿಂದಲೇ ಉಳಿಯುವುದು. ಕಂಪನಿಯಿಂದಲೇ ಬಂದ ಸೆಟ್‌ನಲ್ಲಿ ಬಣ್ಣ ಬೇರೆ ಇರಬಹುದು, ಲೆಕ್ಕ ಇದೇ. ಸೀಟಿನ ಕೆಳಗೋ ಡಿಕ್ಕಿಯಲ್ಲೋ ಹಾಕಿಸಿದ ಆಂಪ್ಲಿಫೈಯರ್‌ಗಂತೂ (ಸದ್ದು ಹೆಚ್ಚಿಸುವ ಪೆಟ್ಟಿಗೆ, ನಾವು ಆಂಪ್ ಎನ್ನುವುದು) ಬ್ಯಾಟರಿಯಿಂದ ದಪ್ಪ ಕೇಬಲ್ಲೇ ನೇರವಾಗಿ ಬಂದಿರುತ್ತದೆ.

ಸೆಟ್ ಒಳಗಿನ ಬೋರ್ಡ್ ಎಂದರೆ ತಾಮ್ರದ ಗೆರೆಗಳಲ್ಲಿ ಕರೆಂಟ್ ಹರಿಯುವ ಹಲಗೆ. ಅದು ಹಸಿ ಇರುವಾಗ ಕರೆಂಟ್ ಇದ್ದರೆ ಏನಾಗುತ್ತದೆ? ಪ್ಲಸ್ ಕಡೆಯ ತಾಮ್ರ ಕರಗಿ, ಆ ಹನಿಯೊಳಗೇ ಮೈನಸ್ ಕಡೆಗೆ ಹೋಗಿ ಕೂರುತ್ತದೆ. ಕೂದಲೆಳೆಯಷ್ಟು ಸಣ್ಣ ಗೆರೆಗೆ ಇದಕ್ಕೆ ಜಾಸ್ತಿ ಹೊತ್ತು ಬೇಡ. ಒಂದು ಕಡೆ ಗೆರೆ ಸವೆದು ತುಂಡಾಗುತ್ತದೆ, ಇನ್ನೊಂದು ಕಡೆ ಎರಡು ಗೆರೆ ಸೇರಿಕೊಂಡು ಶಾರ್ಟ್ ಆಗುತ್ತದೆ. ಅದೇ ಬೋರ್ಡ್ ಕರೆಂಟ್ ಇಲ್ಲದೆ ನೆನೆದಿದ್ದರೆ ಎಷ್ಟೋ ಸಲ ತೊಳೆದು ಒಣಗಿಸಿದರೆ ಮೊದಲಿನಂತೆ ಹಾಡುತ್ತದೆ. ಅದಕ್ಕೇ ಬಟ್ಟೆ ಹುಡುಕುವ ಮೊದಲು ಫ್ಯೂಸ್ ಕೀಳಿ ಎನ್ನುವುದು. ಯಾವ ಫ್ಯೂಸ್ ಎಂದು ಗೊತ್ತಿಲ್ಲದಿದ್ದರೆ ಬಾನೆಟ್ ಎತ್ತಿ ಬ್ಯಾಟರಿಯ ಮೈನಸ್ ಟರ್ಮಿನಲ್ ಬಿಚ್ಚಿ. ಕೆಲವು ಹಳೆಯ ಸೆಟ್‌ಗಳು ಕರೆಂಟ್ ಹೋಗಿ ಬಂದ ಮೇಲೆ ಕಳ್ಳರ ಭಯಕ್ಕೆ ಇಟ್ಟ ಕೋಡ್ ಕೇಳುತ್ತವೆ, ನಿಜ. ಕೋಡ್ ಆಮೇಲೆ ಹುಡುಕಬಹುದು. ಮುಂದಿನ ಸೀಟಿನ ಕೆಳಗೆ ಹಳದಿ ಕನೆಕ್ಟರ್ ಕಂಡರೆ ಮಾತ್ರ ಕೈ ಹಾಕಬೇಡಿ, ಅದು ಏರ್‌ಬ್ಯಾಗ್‌ನದ್ದು. ಹೈಬ್ರಿಡ್, ಎಲೆಕ್ಟ್ರಿಕ್ ಕಾರುಗಳಲ್ಲಿ ಕಿತ್ತಳೆ ಬಣ್ಣದ ಕೇಬಲ್ ಹತ್ತಿರವೂ ಹೋಗಬೇಡಿ.

ಇನ್ನು ಚೆಲ್ಲಿದ್ದೇನು ಎನ್ನುವ ವಿಷಯ. ನಿಮ್ಮ ಸಲಹೆಯಲ್ಲಿ ಇದರ ಮಾತೇ ಇರಲಿಲ್ಲ. ನನ್ನ ಲೆಕ್ಕದಲ್ಲಿ ಅರ್ಧ ಉತ್ತರ ಇಲ್ಲೇ ಇದೆ.

ಶುದ್ಧ ನೀರು ಅಷ್ಟು ದೊಡ್ಡ ಶತ್ರುವಲ್ಲ. ನೀರಿನಲ್ಲಿರುವ ಉಪ್ಪು, ಮಣ್ಣು, ಸೋಪು ಕೆಲಸ ಕೆಡಿಸುತ್ತವೆ. ಸಮುದ್ರದ ನೀರು ಹೊಕ್ಕ ಸೆಟ್ ಅದೇ ದಿನ ನನ್ನ ಕೈಗೆ ಬಂದರೆ ಪ್ರಯತ್ನ ಮಾಡುತ್ತೇನೆ, ತಡವಾಗಿ ಬಂದರೆ ಇನ್ನು ಆಸೆಯಿಲ್ಲ ಎಂದು ಮುಚ್ಚಳ ತೆಗೆಯುವಾಗಲೇ ಗೊತ್ತಾಗಿಬಿಡುತ್ತದೆ. ಕೋಲಾದಲ್ಲಿ 100 ಮಿಲಿಗೆ ಸುಮಾರು 10 ಗ್ರಾಂ ಸಕ್ಕರೆ ಇರುತ್ತದೆ, ಜೊತೆಗೆ ಫಾಸ್ಫರಿಕ್ ಆಮ್ಲ. ನೀರು ಆರಿಹೋಗುತ್ತದೆ, ಇವೆರಡೂ ಬೋರ್ಡ್ ಮೇಲೆ ಉಳಿಯುತ್ತವೆ. ಗಾಳಿಯಲ್ಲಿ ತೇವ ಬಂದಾಗಲೆಲ್ಲ ಆ ಪದರ ಮತ್ತೆ ಹಸಿಯಾಗುತ್ತದೆ. ‘ಒಣಗಿದ ಮೇಲೆ ಚೆನ್ನಾಗಿಯೇ ಇತ್ತು ಸಾರ್, ಒಂದು ತಿಂಗಳು ಬಿಟ್ಟು ತಾನಾಗಿ ವಾಲ್ಯೂಮ್ ಏರೋಕೆ ಶುರುವಾಯ್ತು’ ಎನ್ನುವವರ ಕಥೆ ಇದು. ಹಾಲು ಹಾಕಿದ ಕಾಫಿ, ಟೀ ಇನ್ನೊಂದು ತರ. ಅದು ಗುಂಡಿಗಳ ಸಂದಿಯಲ್ಲಿ ಗಟ್ಟಿಯಾಗಿ, ಒತ್ತಿದ ಗುಂಡಿ ಮೇಲೆ ಬರುವುದೇ ಇಲ್ಲ.

ಬ್ರೇಕ್ ಆಯಿಲ್ ಚೆಲ್ಲಿದರೆ ಅವಸರ ಮಾಡಲೇಬೇಕು. ಹೆಸರಿಗೆ ಆಯಿಲ್, ಆದರೆ ಸಾಮಾನ್ಯವಾಗಿ ಬಳಸುವ ಡಾಟ್ 3, ಡಾಟ್ 4 ದರ್ಜೆಯದ್ದು ಎಣ್ಣೆಯ ಜಾತಿಯದ್ದಲ್ಲ, ಗ್ಲೈಕಾಲ್ ಜಾತಿಯದ್ದು. ಪೇಂಟ್ ಎಬ್ಬಿಸುತ್ತದೆ, ಕೆಲವು ಪ್ಲಾಸ್ಟಿಕ್ ಮೆತ್ತಗೆ ಮಾಡುತ್ತದೆ. ಡಿಕ್ಕಿಯಲ್ಲಿ ಡಬ್ಬಿ ಉರುಳಿ ಸಬ್‌ವೂಫರ್ ಪೆಟ್ಟಿಗೆ ಮೇಲೆ ಹರಿದರೆ ಅದರ ಪ್ಲಾಸ್ಟಿಕ್ ಗ್ರಿಲ್‌ಗೇ ಮೊದಲ ಏಟು. ನಿಜವಾದ ಎಂಜಿನ್ ಆಯಿಲ್ ಇದಕ್ಕಿಂತ ವಾಸಿ. ಅದರಲ್ಲಿ ಕರೆಂಟ್ ಹರಿಯುವುದಿಲ್ಲ, ಶಾರ್ಟ್ ಆಗುವುದಿಲ್ಲ. ಗಲೀಜು ಮಾತ್ರ ವಿಪರೀತ. ಬ್ಯಾಟರಿ ಆಸಿಡ್ ಆದರೆ ಗ್ಲೌಸ್, ಕನ್ನಡಕ ಹಾಕಿಕೊಂಡು, ಮೊದಲು ಅಡುಗೆ ಸೋಡಾ ಕಲಸಿದ ನೀರು ಹಾಕಿ ನೊರೆ ನಿಲ್ಲುವವರೆಗೆ ಕಾಯಬೇಕು, ಆಮೇಲೆ ತೊಳೆಯಬೇಕು.

ಯಾರಿಗೂ ಅನುಮಾನವೇ ಬರದಿರುವುದು ಕೂಲೆಂಟ್, ಅಂದರೆ ಎಂಜಿನ್ ತಣ್ಣಗಿಡುವ ದ್ರವ. ಇತ್ತೀಚೆಗೆ ಒಬ್ಬರು ಸೀಟಿನ ಕೆಳಗಿನ ಆಂಪ್ ಬಿಚ್ಚಿಕೊಂಡು ತಂದರು. ‘ಮಳೆನೀರು ಹೋಗಿದೆ, ಬಿಸಿಲಿಗಿಟ್ಟು ಒಣಗಿಸಿದ್ದೀವಿ, ಆದ್ರೂ ಮಾತಾಡ್ತಿಲ್ಲ’ ಎಂದರು. ಮುಚ್ಚಳ ತೆಗೆದೆ. ಬೋರ್ಡ್ ಹೊಸದರಂತೆ ಹೊಳೆಯುತ್ತಿತ್ತು. ಗ್ಲೌಸ್ ಹಾಕಿದ ಬೆರಳಿಟ್ಟರೆ ಜಾರಿತು. ಎರಡು ಬೆರಳು ಸೇರಿಸಿ ಬಿಡಿಸಿದರೆ ಜಿಗುಟು. ಸಣ್ಣಗೆ ಸಿಹಿ ವಾಸನೆ. ಪವರ್ ಟರ್ಮಿನಲ್ ಬುಡದಲ್ಲಿ ಹಸಿರು ಪುಡಿ (ತಾಮ್ರದ ಕಿಲುಬು) ಕಟ್ಟಿತ್ತು, ಅದರ ಪಕ್ಕದಲ್ಲಿ ಕರೆಂಟ್ ಕೂಡಿಟ್ಟುಕೊಳ್ಳುವ ಕೆಪಾಸಿಟರ್‌ಗಳ ಕಾಲ ಸುತ್ತ ಇನ್ನೂ ಹಸಿ. ಮಳೆನೀರಾದರೆ ಅಷ್ಟು ದಿನ ಹಸಿಯಾಗಿ ಇರುತ್ತದೆಯೇ? ಕೂಲೆಂಟ್‌ನಲ್ಲಿರುವ ಎಥಿಲೀನ್ ಗ್ಲೈಕಾಲ್ ಕುದಿಯುವುದು ಸುಮಾರು 197 ಡಿಗ್ರಿಗೆ. ಬಿಸಿಲಿಗೆ ಅದು ಎಲ್ಲಿ ಆರುತ್ತದೆ! ಗಾಳಿಯಲ್ಲಿರುವ ತೇವವನ್ನೂ ಎಳೆದುಕೊಂಡು ಕೂತಿರುತ್ತದೆ.

ಕಾರಿನ ಮುಂದಿನ ಗಾಜಿನ ಒಳಗಡೆ ಎಣ್ಣೆ ಸವರಿದ ಹಾಗೆ ಮಂಜು ಕೂರುತ್ತದೆಯೇ ಎಂದು ಕೇಳಿದೆ. ಹೌದು ಎಂದರು. ಕೂಲೆಂಟ್ ಮಟ್ಟ ಇಳಿಯುತ್ತಿದೆಯೇ ಎಂದರೆ ಅದೂ ಹೌದು. ಡ್ಯಾಶ್‌ಬೋರ್ಡ್ ಒಳಗೆ ಬಿಸಿ ಕೂಲೆಂಟ್ ಹರಿದು ಕಾರಿನೊಳಗಿನ ಗಾಳಿ ಬಿಸಿ ಮಾಡುವ ಹೀಟರ್ ಕೋರ್ ಸೋರಿ, ಕಾರ್ಪೆಟ್ ಅಡಿಯಲ್ಲೇ ಹರಿದು ಆಂಪ್ ತನಕ ಬಂದಿತ್ತು. ಆಡಿಯೋ ರಿಪೇರಿಗೆ ಬಂದವರನ್ನು ಮೊದಲು ಮೆಕ್ಯಾನಿಕ್ ಹತ್ತಿರ ಕಳಿಸಿದೆ. ಸೋರುವುದು ನಿಲ್ಲದೆ ಆಂಪ್ ಸರಿ ಮಾಡಿಕೊಟ್ಟು ಏನು ಪ್ರಯೋಜನ, ಅಲ್ವಾ? ಇನ್ನೊಂದು ಮಾತು: ಕೂಲೆಂಟ್ ವಿಷ. ಮಕ್ಕಳು, ಸಾಕುಪ್ರಾಣಿಗಳು ಕಾರಿನಲ್ಲಿ ಓಡಾಡುತ್ತಿದ್ದರೆ ಆ ಕಾರ್ಪೆಟ್ ತೆಗೆಸಿ ತೊಳೆಸಿ.

ಆ ಆಂಪ್ ಉಳಿಯಿತು. ಹೇಗೆಂದರೆ, ತೊಳೆದೆ. ಬೋರ್ಡನ್ನು ನೀರಿನಲ್ಲಿ ತೊಳೆಯುತ್ತೇನೆ ಎಂದರೆ ಜನ ನನ್ನನ್ನೇ ಒಂಥರಾ ನೋಡುತ್ತಾರೆ. ಕರೆಂಟ್ ಇಲ್ಲದ ಬೋರ್ಡ್‌ಗೆ ಡಿಸ್ಟಿಲ್ಡ್ ವಾಟರ್‌ನಿಂದ ಏನೂ ಆಗುವುದಿಲ್ಲ. ಆದರೆ ಆಂಪ್ ಮುಚ್ಚಳ ತೆಗೆದ ಕೂಡಲೇ ಒಳಗೆ ಕೈ ಹಾಕಬಾರದು. 12 ವೋಲ್ಟನ್ನು ಅದು ಒಳಗೆ ಇನ್ನೂ ಏರಿಸಿಕೊಂಡಿರುತ್ತದೆ. ಫ್ಯೂಸ್ ಕಿತ್ತು ಸ್ವಲ್ಪ ಹೊತ್ತು ಬಿಟ್ಟು, ದೊಡ್ಡ ಕೆಪಾಸಿಟರ್‌ಗಳಲ್ಲಿ ಉಳಿದ ಕರೆಂಟ್ ಇಳಿದಿದೆಯೇ ಎಂದು ಮೀಟರ್ ಹಿಡಿದು ನೋಡಿಯೇ ಮುಂದಿನ ಕೆಲಸ.

ಎಲ್ಲದಕ್ಕೂ ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕು ಎನ್ನುವವರಿದ್ದಾರೆ. ಸಾಲದು. ಸಕ್ಕರೆ ಅದರಲ್ಲಿ ಕರಗುವುದೇ ಇಲ್ಲ ಎನ್ನಬಹುದು. ಕೋಲಾ ಬಿದ್ದ ಬೋರ್ಡ್‌ಗೆ ಬರೀ ಆಲ್ಕೋಹಾಲ್ ಹಾಕಿ ಉಜ್ಜಿದರೆ ಅಂಟು ಈ ಚಿಪ್‌ನಿಂದ ಆ ಚಿಪ್‌ಗೆ ಹೋಗುತ್ತದೆ, ಅಷ್ಟೇ. ಮೊದಲು ಉಗುರುಬೆಚ್ಚಗಿನ ಡಿಸ್ಟಿಲ್ಡ್ ವಾಟರ್, ಮೆತ್ತನೆಯ ಬ್ರಷ್. ಚಿಪ್‌ಗಳ ಕಾಲಿನ ಸಂದಿ, ಕನೆಕ್ಟರ್ ಒಳಗೆ, ಬೋರ್ಡ್‌ನ ಹಿಂಭಾಗ, ಎಲ್ಲ ಕಡೆ. ತೊಳೆದ ನೀರು ತಿಳಿಯಾಗಿ ಬರುವವರೆಗೆ. ಆಮೇಲೆ 99 ಪರ್ಸೆಂಟ್ ಐಸೊಪ್ರೊಪೈಲ್ ಹಾಕಿದರೆ ಉಳಿದ ನೀರನ್ನು ತನ್ನೊಳಗೆ ಸೇರಿಸಿಕೊಂಡು ಬೇಗ ಆರುತ್ತದೆ. 70 ಪರ್ಸೆಂಟ್‌ನದ್ದು ಬೇಡ, ಅದರಲ್ಲಿ ಉಳಿದದ್ದೆಲ್ಲ ನೀರೇ. ಕಿಟಕಿ ತೆಗೆದಿರಲಿ, ಹತ್ತಿರ ಬೆಂಕಿ, ಕಿಡಿ ಇರಕೂಡದು. ಕೋಣೆಯ ಸಾಮಾನ್ಯ ಬಿಸಿಯಲ್ಲೂ ಅದರ ಆವಿ ಒಂದು ಕಿಡಿಗೆ ಹೊತ್ತಿಕೊಳ್ಳಬಲ್ಲದು. ತುಕ್ಕು ಬಿಡಿಸುವ ಸ್ಪ್ರೇ, ಪೆಟ್ರೋಲ್, ಬ್ರೇಕ್ ಕ್ಲೀನರ್ ಇವೆಲ್ಲ ಬೋರ್ಡ್ ಹತ್ತಿರ ತರಲೇಬೇಡಿ.

ಡಿಸ್‌ಪ್ಲೇ ಮಾತ್ರ ತೊಳೆಯುವ ವಸ್ತುವಲ್ಲ. ಪರದೆಯ ಪದರಗಳ ನಡುವೆ ದ್ರವ ಹೋದರೆ ಕಲೆ ನಿಲ್ಲುತ್ತದೆ, ತೆಗೆಯಲು ಆಗುವುದಿಲ್ಲ. ಅದನ್ನು ಬಿಚ್ಚಿ ಬೇರೆ ಇಟ್ಟು ಬೋರ್ಡ್ ಮಾತ್ರ ತೊಳೆಯಬೇಕು. ಸಿಡಿ ಮೆಕ್ಯಾನಿಸಂ, ಫ್ಯಾನ್ ಕೂಡ ಹಾಗೆಯೇ.

ಹೇರ್ ಡ್ರೈಯರ್ ವಿಷಯಕ್ಕೆ ಬರುತ್ತೇನೆ. ಅದರ ಬಿಸಿಗಾಳಿ ಹನಿಯನ್ನು ಚಿಪ್ ಅಡಿಗೆ ತಳ್ಳುತ್ತದೆ, ತೆಳು ಪ್ಲಾಸ್ಟಿಕ್ ಸೊಟ್ಟ ಮಾಡುತ್ತದೆ. ಮುಖ್ಯವಾಗಿ, ತೊಳೆಯದೆ ಒಣಗಿಸಿದರೆ ಸಕ್ಕರೆ ಗಟ್ಟಿಯಾಗಿ ಕೂರುತ್ತದೆ. ಅಕ್ಕಿ ಡಬ್ಬಿಯಲ್ಲಿ ಹೂತಿಡುವವರೂ ಇದ್ದಾರೆ. ಅಕ್ಕಿ ಹೊರಗಿನ ತೇವವನ್ನೇ ಸರಿಯಾಗಿ ಎಳೆಯುವುದಿಲ್ಲ, ಒಳಗಿನ ಅಂಟಿಗೇನು ಮಾಡೀತು? ಸಂದಿಗಳಲ್ಲಿ ಹಿಟ್ಟು ತುಂಬುತ್ತದೆ, ಅಷ್ಟೇ ಲಾಭ. ಮುಚ್ಚಳ ತೆಗೆದು ಫ್ಯಾನ್ ಮುಂದೆ ಎರಡು ಮೂರು ದಿನ ಸುಮ್ನೆ ಇಟ್ಟುಬಿಡಿ. ಈ ಸುಮ್ಮನಿರುವುದೇ ಯಾರ ಕೈಲೂ ಆಗುವುದಿಲ್ಲ.

ಸ್ಪೀಕರ್‌ಗಳ ಬಗ್ಗೆ ಭಯ ಕಡಿಮೆ ಸಾಕು. ಮುಂದೆ ಅದುರುವ ಬಟ್ಟಲಿನಂಥ ಭಾಗ, ಅಂದರೆ ಕೋನ್, ಪ್ಲಾಸ್ಟಿಕ್‌ನದ್ದಾದರೆ ಒರೆಸಿದರೆ ಮುಗಿಯಿತು. ಪೇಪರ್ ಕೋನ್ ಆದರೆ ಒದ್ದೆ ಇರುವಾಗ ಮುಟ್ಟಬೇಡಿ, ಮಲಗಿಸಿ ತಾನಾಗಿ ಒಣಗಲು ಬಿಡಿ. ಒಣಗಿದ ಮೇಲೆ ಎರಡೂ ಕಡೆ ಸಮನಾಗಿ ಬೆರಳಿಟ್ಟು ಮೆಲ್ಲಗೆ ಒತ್ತಿ. ಒಳಗೆ ಕರಕರ ಸದ್ದು ಬಂದರೆ ಕೋನ್ ಹಿಂದಿನ ತಂತಿ ಸುರುಳಿಯ (ಕಾಯಿಲ್) ಸಂದಿಯಲ್ಲಿ ಕೊಳೆಯೋ ತುಕ್ಕೋ ಸೇರಿದೆ ಎಂದೇ ಅರ್ಥ. 4 ಓಮ್ ಸ್ಪೀಕರ್ ಮೀಟರ್‌ನಲ್ಲಿ ನಾಲ್ಕಕ್ಕಿಂತ ಸ್ವಲ್ಪ ಕಮ್ಮಿ ತೋರಿಸಿದರೆ ಗಾಬರಿ ಬೇಡ, ಅದು ಸರಿಯಾಗಿಯೇ ಇದೆ.

ಎಲ್ಲ ಆದ ಮೇಲೂ ನೇರವಾಗಿ ಕಾರಿಗೆ ಸೇರಿಸಬಾರದು. ನಾನು ಮಾಡುವುದು ಹಳೇ ಉಪಾಯ. ಇಂಡಿಕೇಟರ್‌ಗೆ ಹಾಕುವ 12 ವೋಲ್ಟ್, 21 ವ್ಯಾಟ್ ಬಲ್ಬನ್ನು ಪವರ್ ವೈರ್ ನಡುವೆ ಸೇರಿಸಿ ಆನ್ ಮಾಡುತ್ತೇನೆ. ಬಲ್ಬ್ ಒಮ್ಮೆ ಮಿನುಗಿ ಮಂಕಾದರೆ ಒಳ್ಳೆಯದು. ಹಾಗೇ ಜೋರಾಗಿ ಉರಿಯುತ್ತಿದ್ದರೆ ಒಳಗೆ ಶಾರ್ಟ್ ಇದೆ. ಎಲ್ಲ ಕರೆಂಟೂ ಬಲ್ಬ್ ಮೂಲಕವೇ ಹೋಗಬೇಕಾದ್ದರಿಂದ ಎರಡು ಆಂಪಿಯರ್ ಕೂಡ ದಾಟುವುದಿಲ್ಲ, ಸೆಟ್ ಸುಡುವುದಿಲ್ಲ. ಬಿಚ್ಚಿ ಮತ್ತೆ ಹುಡುಕಬಹುದು.

ಎಲ್ಲವೂ ಉಳಿಯುತ್ತದೆ ಎಂದು ನಾನು ಹೇಳುವುದಿಲ್ಲ. ಕೋಲಾ ಬಿದ್ದ ಒಂದು ಸೆಟ್ ಬಂದಿತ್ತು. ಅದರ ಯಜಮಾನರು ದಿನಾ ಬೆಳಿಗ್ಗೆ ಆಫೀಸಿಗೆ ಹೊರಡುವಾಗ ‘ಇವತ್ತು ಬರಬಹುದು’ ಎಂದು ಆನ್ ಮಾಡಿ ನೋಡಿದ್ದಾರೆ. ಸದಾ 12 ವೋಲ್ಟ್ ಇರುವ ಆ ಗೆರೆ ಕರಗಿ ಜಾಗದಲ್ಲಿ ಕಪ್ಪು ಕಲೆ ಮಾತ್ರ ಇತ್ತು. ಅದೊಂದೇ ಆಗಿದ್ದರೆ ವೈರ್ ಬೆಸೆಯಬಹುದಿತ್ತು. ಕಾಲುಗಳೇ ಹೊರಗೆ ಕಾಣದಂತೆ ಅಡಿಯಲ್ಲಿ ಬೆಸೆದಿರುವ ದೊಡ್ಡ ಚಿಪ್ ಕೆಳಗೂ ಅಂಟು ಇಳಿದಿತ್ತು. ವಾಪಸ್ ಕೊಟ್ಟೆ.

ಹಾಗಂತ ಬಿಚ್ಚಿಯೇ ನೋಡದೆ ‘ಬೋರ್ಡ್ ಹೋಗಿದೆ, ಸೆಟ್ಟೇ ಬದಲಾಯಿಸಿ’ ಎನ್ನುವ ಸರ್ವೀಸ್ ಸೆಂಟರ್‌ಗಳ ಮಾತು ನನಗೆ ಒಪ್ಪಿಗೆಯಿಲ್ಲ. ಮುಚ್ಚಳದ ಸ್ಕ್ರೂಗಳಿಗೆ ಒಂದು ಗೀರೂ ಬಿದ್ದಿರುವುದಿಲ್ಲ, ತೀರ್ಪು ಮಾತ್ರ ಬಂದಿರುತ್ತದೆ. ‘ಒಳಗಿನ ಫೋಟೋ ತೋರಿಸಿ’ ಎಂದು ಕೇಳಿ. ಹಸಿರು ಕಿಲುಬು ಎಲ್ಲಿದೆ, ಸುಟ್ಟದ್ದು ಯಾವುದು ಎಂದು ಅವರು ತೋರಿಸಲಿ. ಹೊಸ ಕಾರುಗಳ ದೊಡ್ಡ ಪರದೆಗಳಲ್ಲಿ ಕೆಲವನ್ನು ಆಯಾ ಕಾರಿಗೇ ಜೋಡಿಸಿರುತ್ತಾರೆ, ಬೇರೆಯದು ತಂದು ಹಾಕಿದರೆ ಕೆಲಸ ಮಾಡುವುದಿಲ್ಲ. ಅಂಥವನ್ನು ತೊಳೆದು ಉಳಿಸಲು ನೋಡುವುದೇ ಮೊದಲ ದಾರಿಯಾಗಬೇಕಲ್ಲವೇ?

ಕಾರು ಮಾಡುವವರಿಗೂ ಒಂದು ಮಾತು. ದ್ರವ ಯಾವಾಗಲೂ ತಗ್ಗಿಗೆ ಹರಿಯುತ್ತದೆ, ನೀವು ಆಂಪ್ ಇಡುವುದು ಸೀಟಿನ ಕೆಳಗಿನ ತಗ್ಗಿನಲ್ಲಿ. ಕಪ್ ಇಡುವ ಜಾಗ ಗೇರ್ ಹತ್ತಿರ, ಅದರ ನೇರಕ್ಕೆ ಸ್ಟೀರಿಯೋ ಗುಂಡಿಗಳು. ಇದನ್ನು ಬದಲಿಸಲು ಆಗದಿದ್ದರೆ ಕೊನೇಪಕ್ಷ ಆಡಿಯೋ ಫ್ಯೂಸ್ ನಂಬರನ್ನು ಕೈಪಿಡಿಯ ಮೂಲೆಯಲ್ಲಿ ಅಲ್ಲ, ಫ್ಯೂಸ್ ಪೆಟ್ಟಿಗೆಯ ಮುಚ್ಚಳದ ಮೇಲೇ ದೊಡ್ಡದಾಗಿ ಬರೆಯಿರಿ. ನಾನು ಕೂರಿಸುವ ಆಂಪ್‌ಗಳನ್ನು ಪ್ಲಾಸ್ಟಿಕ್ ಕಾಲುಗಳ ಮೇಲೆ ನೆಲದಿಂದ ಒಂದಿಂಚು ಎತ್ತರಿಸಿ, ಕನೆಕ್ಟರ್‌ಗಳು ಪಕ್ಕಕ್ಕೆ ತಿರುಗಿರುವಂತೆ ಇಡುತ್ತೇನೆ. ವೈರ್ ಒಮ್ಮೆ ಕೆಳಗೆ ಬಾಗಿ ಆಮೇಲೆ ಮೇಲೆ ಬಂದು ಸೇರುವ ಹಾಗೆ ಬಿಟ್ಟರೆ, ವೈರ್ ಮೇಲೆ ಹರಿದು ಬಂದ ನೀರು ಆ ಬಾಗಿದಲ್ಲೇ ತೊಟ್ಟಿಕ್ಕುತ್ತದೆ, ಆಂಪ್ ಒಳಗೆ ಹೋಗುವುದಿಲ್ಲ. ಹೊಸದಾಗಿ ಹಾಕಿಸುವವರು ಫಿಟ್ಟರ್‌ಗೆ ಹೇಳಿ ಇಷ್ಟು ಮಾಡಿಸಿಕೊಳ್ಳಬಹುದು.

ಇಂತಿ,
ಒಬ್ಬ ಕಾರ್ ಆಡಿಯೋ ರಿಪೇರಿಯವ